ಏಳು ದಿನದ ಜೈಲು, 28 ನ್ಯಾಯಾಧೀಶರು: ಕೇಶವ್ ಸಿಂಗ್ ಪ್ರಕರಣ

1964ರ ಮಾರ್ಚ್ 14, ಶನಿವಾರ. ಲಖನೌದಲ್ಲಿ ಉತ್ತರ ಪ್ರದೇಶ ವಿಧಾನಸಭೆ ಸೇರಿದೆ. ಗೋರಖ್‌ಪುರದಲ್ಲಿ ಹಿಡಿದು ತಂದ ಒಬ್ಬ ವ್ಯಕ್ತಿಯನ್ನು ಸದನದ ಮುಂದೆ ನಿಲ್ಲಿಸಿದ್ದಾರೆ. ಹೆಸರು ಕೇಶವ್ ಸಿಂಗ್, ಸೋಷಲಿಸ್ಟ್ ಪಕ್ಷದ ಕಾರ್ಯಕರ್ತ. ಸ್ಪೀಕರ್ ಮದನ್ ಮೋಹನ್ ವರ್ಮಾ ಪ್ರಶ್ನೆ ಕೇಳುತ್ತಾರೆ. ಆತ ಬಾಯಿ ಬಿಡುವುದಿಲ್ಲ. ಅಷ್ಟೇ ಅಲ್ಲ, ಸ್ಪೀಕರ್ ಪೀಠಕ್ಕೆ ಬೆನ್ನು ಹಾಕಿ ನಿಂತಿದ್ದಾನೆ.

ಅಲ್ಲಿಂದ ಶುರುವಾದ ಜಗಳ ಎರಡು ವಾರ ತುಂಬುವುದರೊಳಗೆ ರಾಷ್ಟ್ರಪತಿಯ ಮೇಜು ತಲುಪಿತು. ಆ ನಡುವೆ ಸದನ ಇಬ್ಬರು ಹೈಕೋರ್ಟ್ ನ್ಯಾಯಾಧೀಶರನ್ನು ಕಸ್ಟಡಿಗೆ ತೆಗೆದುಕೊಂಡು ಕರೆತನ್ನಿ ಎಂದು ನಿರ್ಣಯ ಮಾಡಿತು. ಅದನ್ನು ತಡೆಯಲು ಅಲಹಾಬಾದ್ ಹೈಕೋರ್ಟ್‌ನ 28 ನ್ಯಾಯಾಧೀಶರು ಒಟ್ಟಿಗೆ ಪೀಠದಲ್ಲಿ ಕೂತರು. ಶಾಲೆಯಲ್ಲಿ ನಾವೆಲ್ಲ ಓದಿದ್ದು ಸುಲಭದ ಪಾಠ. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿ ಮಾಡುತ್ತದೆ, ನ್ಯಾಯಾಂಗ ತೀರ್ಪು ಕೊಡುತ್ತದೆ. ಮೂರು ಚೌಕ, ನಡುವೆ ಗೆರೆ. ಆದರೆ ಆ ಗೆರೆ ಎಲ್ಲಿದೆ ಎಂದು ಹೇಳಬೇಕಾದವರು ಯಾರು? ಪಾಠದಲ್ಲಿ ಅದು ಇರಲಿಲ್ಲ. ಕೇಶವ್ ಸಿಂಗ್ ಪ್ರಕರಣ ಪೂರ್ತಿ ಅದರದ್ದೇ ಗಲಾಟೆ.

ಒಂದು ಕರಪತ್ರ

ಮೂಲ ಸಣ್ಣದು. ಕೇಶವ್ ಸಿಂಗ್ ಮತ್ತು ಇನ್ನಿಬ್ಬರು ಸೇರಿ ಒಂದು ಕರಪತ್ರ ಹಂಚಿದರು. ಕಾಂಗ್ರೆಸ್ಸಿನ ಒಬ್ಬ ಶಾಸಕರ ಕಾರುಬಾರನ್ನು ಬಯಲು ಮಾಡುತ್ತೇವೆ ಎನ್ನುವ ಧಾಟಿಯ ಕರಪತ್ರ. ಶಾಸಕರು ಸದನದಲ್ಲಿ ದೂರಿದರು, ಹಕ್ಕುಚ್ಯುತಿಯಾಗಿದೆ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆಯಾಗಿದೆ ಎಂದರು. ಸದನ ಒಪ್ಪಿತು. ಮೂವರಿಗೂ ಛೀಮಾರಿ ಹಾಕುವುದು ಎಂದು ತೀರ್ಮಾನವಾಯಿತು.

ಇಬ್ಬರು ಬಂದರು. ತಲೆ ತಗ್ಗಿಸಿ ಬೈಸಿಕೊಂಡು ಹೋದರು. ಕೇಶವ್ ಸಿಂಗ್ ಬರಲಿಲ್ಲ. ಗೋರಖ್‌ಪುರದಿಂದ ಲಖನೌಗೆ ರೈಲು ಚಾರ್ಜಿಗೆ ದುಡ್ಡಿಲ್ಲ ಎಂದು ತಿಳಿಸಿದ. ನಿಜವಾಗಲೂ ದುಡ್ಡಿರಲಿಲ್ಲವೋ, ಸುಮ್ನೆ ಸತಾಯಿಸಿದ್ದೋ, ಅವನಿಗೇ ಗೊತ್ತು. ಕೊನೆಗೆ ಸದನದ ಮಾರ್ಷಲ್ ಹೋಗಿ ಮಾರ್ಚ್ 13ಕ್ಕೆ ಹಿಡಿದು, ಮಾರನೇ ದಿನ ತಂದು ನಿಲ್ಲಿಸಿದರು.

ಬೆನ್ನು ತಿರುಗಿಸಿ ನಿಂತವನಿಗೆ ಛೀಮಾರಿ ಹಾಕಿದ್ದೂ ಆಯಿತು. ಆಗ ಸ್ಪೀಕರ್ ಒಂದು ಪತ್ರ ತೆಗೆದರು. ಮಾರ್ಚ್ 11ರ ತಾರೀಖು, ಕೇಶವ್ ಸಿಂಗ್ ಸಹಿ. ಕರಪತ್ರದಲ್ಲಿರುವುದೆಲ್ಲ ಸರಿಯಾಗಿದೆ, ನನ್ನ ಮೇಲೆ ‘ನಾದಿರ್‌ಶಾಹಿ ಫರ್ಮಾನು’ ಹೊರಡಿಸಿ ಪ್ರಜಾಪ್ರಭುತ್ವದ ಮೇಲೆ ದಾಳಿ ಮಾಡಿದ್ದೀರಿ ಎಂದು ಬರೆದಿದ್ದ. 1739ರಲ್ಲಿ ದಿಲ್ಲಿಯನ್ನು ಲೂಟಿ ಮಾಡಿದ ನಾದಿರ್ ಶಾನ ಹೆಸರನ್ನು ಉತ್ತರ ಭಾರತದಲ್ಲಿ ಸುಮ್ಮಸುಮ್ಮನೆ ಯಾರಿಗೂ ಅಂಟಿಸುವುದಿಲ್ಲ. ಇದು ನಿನ್ನದೇ ಪತ್ರವಾ ಎಂದರೆ ಅದಕ್ಕೂ ಮೌನ. ಈಗ ಕರಪತ್ರದ ತಪ್ಪು ಹಿಂದೆ ಸರಿಯಿತು. ಸದನಕ್ಕೆ ಮಾಡಿದ ಅವಮಾನವೇ ಮುಂದೆ ಬಂತು. ಏಳು ದಿನ ಜೈಲು ಎಂದು ಸದನ ನಿರ್ಣಯಿಸಿತು. ಜೈಲಿಗೆ ಕಳುಹಿಸಿದ ವಾರಂಟ್‌ನಲ್ಲಿ ನಡೆದದ್ದರ ವಿವರ ಇರಲಿಲ್ಲ. ಸದನ ನಿಂದನೆಗಾಗಿ ಇವನನ್ನು ಇಟ್ಟುಕೊಳ್ಳಿ, ಅಷ್ಟೇ. ಈ ಮೂಕ ವಾರಂಟನ್ನು ನೆನಪಿಟ್ಟುಕೊಳ್ಳಿ. ಇಡೀ ಕೇಸು ಕೊನೆಗೆ ಅದರ ಸುತ್ತಲೇ ತಿರುಗುತ್ತದೆ.

ಈವರೆಗಿನ ಕತೆಯಲ್ಲಿ ಸದನ ಯಾವ ಯಾವ ಪಾತ್ರ ಮಾಡಿತು ನೋಡಿ. ದೂರು ಕೊಟ್ಟವರು ಅದರ ಸದಸ್ಯರು. ವಿಚಾರಣೆ ಮಾಡಿದ್ದು ಅದೇ, ಶಿಕ್ಷೆ ಕೊಟ್ಟಿದ್ದೂ ಅದೇ. ಹಿಡಿದು ತಂದದ್ದು ಅದರ ಮಾರ್ಷಲ್. ಕಾನೂನು ಮಾಡಲೆಂದು ಆರಿಸಿ ಕಳುಹಿಸಿದ ಸಭೆ ಕೋರ್ಟೂ ಆಗಿತ್ತು, ಅರ್ಧ ಪೊಲೀಸೂ ಆಗಿತ್ತು. ಇದೆಲ್ಲ ಸಂವಿಧಾನದ 194ನೇ ವಿಧಿಯ ಹೆಸರಿನಲ್ಲೇ ನಡೆಯಿತು ಎನ್ನುವುದನ್ನೂ ಮರೆಯಬಾರದು. ಸದನ ತನ್ನ ಹಕ್ಕುಬಾಧ್ಯತೆಗಳನ್ನು ಕಾನೂನು ಮಾಡಿ ಬರೆದುಕೊಳ್ಳುವ ತನಕ, ಸಂವಿಧಾನ ಜಾರಿಗೆ ಬಂದಾಗ ಬ್ರಿಟನ್ ಪಾರ್ಲಿಮೆಂಟಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೆ ಏನೇನಿತ್ತೋ ಅದೇ ಇರಲಿ ಎಂದು ಆ ವಿಧಿ ಆಗ ಹೇಳುತ್ತಿತ್ತು. ಸಂಸತ್ತಿಗೂ ಇದೇ ಮಾತು, 105ನೇ ವಿಧಿಯಲ್ಲಿ.

ಗುರುವಾರ ಮಧ್ಯಾಹ್ನ

ಮಾರ್ಚ್ 19, ಗುರುವಾರ. ಶಿಕ್ಷೆ ಮುಗಿಯಲು ಇನ್ನು ಒಂದೋ ಎರಡೋ ದಿನ. ಬಿ. ಸಾಲೊಮನ್ ಎಂಬ ವಕೀಲರು ಅಲಹಾಬಾದ್ ಹೈಕೋರ್ಟ್‌ನ ಲಖನೌ ಪೀಠದಲ್ಲಿ ಕೇಶವ್ ಸಿಂಗ್ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು, ಅಂದರೆ ಹಿಡಿದಿಟ್ಟದ್ದು ಕಾನೂನುಬದ್ಧವೇ ಎಂದು ಕೇಳುವ ಅರ್ಜಿ. ಛೀಮಾರಿ ಹಾಕಿಯಾದ ಮೇಲೆ ಜೈಲು ಹೇಗೆ, ಆತನಿಗೆ ತನ್ನ ಮಾತು ಹೇಳಲು ಅವಕಾಶ ಎಲ್ಲಿ ಕೊಟ್ಟಿರಿ ಎನ್ನುವುದು ವಾದ. ನ್ಯಾಯಮೂರ್ತಿಗಳಾದ ಎನ್.ಯು. ಬೇಗ್ ಮತ್ತು ಜಿ.ಡಿ. ಸೆಹಗಲ್ ಅವರ ಪೀಠ. ಸರ್ಕಾರಿ ವಕೀಲರ ಒಪ್ಪಿಗೆ ಪಡೆದೇ ಮಧ್ಯಾಹ್ನ ಮೂರಕ್ಕೆ ಅರ್ಜಿ ತೆಗೆದುಕೊಳ್ಳುವುದು ಎಂದಾಗಿತ್ತು. ಮೂರು ಗಂಟೆಗೆ ಸಾಲೊಮನ್ ಹಾಜರಿದ್ದರು. ಸರ್ಕಾರದ ಕಡೆಯವರು ಬರಲಿಲ್ಲ. ತಲಾ 1,000 ರೂಪಾಯಿಯ ಎರಡು ಶ್ಯೂರಿಟಿ ಮೇಲೆ ಬಿಡುಗಡೆ ಮಾಡಿ, ಮುಂದಿನ ವಿಚಾರಣೆಗೆ ಆತ ಹಾಜರಿರಲಿ ಎಂದು ಪೀಠ ಆದೇಶ ಮಾಡಿತು.

ಇದು ಮಧ್ಯಂತರ ಜಾಮೀನು ಅಷ್ಟೇ. ಸದನ ಮಾಡಿದ್ದು ತಪ್ಪು ಎಂದು ಪೀಠ ಹೇಳಿರಲಿಲ್ಲ. ಆದರೆ ಸದನದ ಸಿಟ್ಟಿಗೂ ಒಂದು ಕಾರಣವಿತ್ತು. ಏಳು ದಿನದ ಶಿಕ್ಷೆಗೆ ಜಾಮೀನು ಕೊಟ್ಟು ವಿಚಾರಣೆಯನ್ನು ಮುಂದಕ್ಕೆ ಹಾಕಿದರೆ ಶಿಕ್ಷೆಯಲ್ಲಿ ಉಳಿಯುವುದೇನು? ಐದು ವರ್ಷದ ಶಿಕ್ಷೆಯಾದರೆ ಜಾಮೀನು ಮಧ್ಯದ ಒಂದು ನಿಲ್ದಾಣ. ಏಳು ದಿನದ್ದಕ್ಕೆ ಅದು ಹೆಚ್ಚುಕಮ್ಮಿ ಬಿಡುಗಡೆಯೇ. ಅದೂ ಸದನದ ಪರ ಒಂದು ಮಾತೂ ಕೇಳದೆ. ಸದನದಲ್ಲಿ ಕೂತವರಿಗೆ ಇದು ಬೇಕೆಂದೇ ಮಾಡಿದ ಅವಮಾನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಶ್ಚರ್ಯ ಆಗುವುದು ಶನಿವಾರ ನಡೆದದ್ದನ್ನು ನೋಡಿದರೆ. ಮಾರ್ಚ್ 21ರಂದು ಸದನ ನಿರ್ಣಯ ಅಂಗೀಕರಿಸಿತು. ಕೇಶವ್ ಸಿಂಗ್, ವಕೀಲ ಸಾಲೊಮನ್, ನ್ಯಾಯಮೂರ್ತಿ ಬೇಗ್, ನ್ಯಾಯಮೂರ್ತಿ ಸೆಹಗಲ್, ನಾಲ್ವರೂ ಸದನ ನಿಂದನೆ ಮಾಡಿದ್ದಾರೆ, ಎಲ್ಲರನ್ನೂ ಕಸ್ಟಡಿಯಲ್ಲಿ ಸದನದ ಮುಂದೆ ತನ್ನಿ. ‘ಮಾಡಿದ್ದಾರೆಯೇ ಎಂದು ವಿಚಾರಿಸೋಣ’ ಅಲ್ಲ, ‘ಮಾಡಿದ್ದಾರೆ’. ಅರ್ಜಿ ಹಾಕಿದ ವಕೀಲನನ್ನೂ, ಅರ್ಜಿ ಕೇಳಿದ ನ್ಯಾಯಾಧೀಶರನ್ನೂ ಕರಪತ್ರ ಹಂಚಿದವನ ಜೊತೆ ಒಂದೇ ಹಗ್ಗದಲ್ಲಿ ಕಟ್ಟಿದ್ದಾಯಿತು.

ಹೈಕೋರ್ಟ್ ನ್ಯಾಯಾಧೀಶರು ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದನದಲ್ಲಿ ಚರ್ಚೆಯೇ ಮಾಡುವಂತಿಲ್ಲ ಎಂದು ಸಂವಿಧಾನದ 211ನೇ ವಿಧಿ ಹೇಳುತ್ತದೆ. ಅದರ ಮರುವಿಧಿ, 212, ಸದನದ ನಡಾವಳಿಯಲ್ಲಿ ಕ್ರಮ ತಪ್ಪಿದೆ ಎಂಬ ಕಾರಣಕ್ಕೆ ಕೋರ್ಟು ಕೈ ಹಾಕುವಂತಿಲ್ಲ ಎನ್ನುತ್ತದೆ. ಎರಡೂ ಅಕ್ಕಪಕ್ಕದ ಮನೆಗಳಿದ್ದ ಹಾಗೆ, ನಡುವೆ ಒಂದೇ ಗೋಡೆ. ಆ ಶನಿವಾರ ಸದನಕ್ಕೆ 212 ಮಾತ್ರ ಕಂಡಿತು.

ನಿರ್ಣಯದ ವಿಷಯ ಇಬ್ಬರು ನ್ಯಾಯಾಧೀಶರಿಗೆ ತಿಳಿದದ್ದು ಆ ಸಂಜೆಯ ರೇಡಿಯೋದಿಂದ, ಮಾರನೇ ದಿನದ ಪತ್ರಿಕೆಯಿಂದ. ಸ್ವಲ್ಪ ಯೋಚಿಸಿ. ಹೈಕೋರ್ಟ್ ನ್ಯಾಯಾಧೀಶರೊಬ್ಬರು ಮನೆಯಲ್ಲಿ ಕೂತು, ತಮ್ಮನ್ನು ಬಂಧಿಸುವ ಸುದ್ದಿಯನ್ನು ವಾರ್ತೆಯಲ್ಲಿ ಕೇಳುತ್ತಿದ್ದಾರೆ. ಮಾಮೂಲು ಮನುಷ್ಯನಿಗೆ ಹೀಗಾದರೆ ಆತ ಹೈಕೋರ್ಟ್‌ಗೆ ಹೋಗುತ್ತಾನೆ. ಅವರೂ ಅದನ್ನೇ ಮಾಡಿದರು. ಅಲಹಾಬಾದಿಗೆ ಹೋಗಿ, ಸೋಮವಾರ, ಮಾರ್ಚ್ 23ಕ್ಕೆ, ತಮ್ಮದೇ ಕೋರ್ಟಿನಲ್ಲಿ ಅರ್ಜಿದಾರರಾಗಿ ನಿಂತರು.

ಆ ಅರ್ಜಿ ಕೇಳಿದ್ದು 28 ನ್ಯಾಯಾಧೀಶರ ಪೂರ್ಣಪೀಠ. ಆ ಇಬ್ಬರನ್ನು ಬಿಟ್ಟು ಹೈಕೋರ್ಟ್‌ಗೆ ಹೈಕೋರ್ಟೇ ಪೀಠಕ್ಕೆ ಬಂದಿತ್ತು. ವಾರಂಟ್ ಜಾರಿ ಮಾಡಬೇಡಿ ಎಂದು ತಡೆಯಾಜ್ಞೆ ಕೊಟ್ಟಿತು.

ಇಲ್ಲಿ ನನಗೆ ಒಂದು ಕಸಿವಿಸಿ. ಸದನ ತನ್ನ ಕೇಸಿಗೆ ತಾನೇ ಜಡ್ಜ್ ಆಯಿತು ಎಂದು ಈಗ ತಾನೇ ಬೈದೆ. 28 ಜನ ಸಹೋದ್ಯೋಗಿಗಳು ತಮ್ಮವರಿಬ್ಬರ ಅರ್ಜಿ ಕೇಳಿದ್ದು ಮತ್ತೇನು? ಬೇರೆ ದಾರಿ ಇರಲಿಲ್ಲ ಎನ್ನಬಹುದು, ಸರಿಯೇ. ಆದರೆ ಅದೇ ಮಾತನ್ನು ಸದನವೂ ಹೇಳುತ್ತಿತ್ತು.

ಮಧ್ಯದಲ್ಲಿ ಸಿಕ್ಕವರು

ಈ ಕತೆ ಹೇಳುವವರು ಸಾಮಾನ್ಯವಾಗಿ ಎರಡು ಪಾತ್ರ ಇಟ್ಟುಕೊಳ್ಳುತ್ತಾರೆ, ಸದನ ಮತ್ತು ಕೋರ್ಟು. ಮೂರನೆಯದು ಕಾರ್ಯಾಂಗ. ನಿಜವಾಗಿ ಬೆವರಿದ್ದು ಅದೇ ಇರಬೇಕು. ಸದನದ ಹತ್ತಿರ ಒಬ್ಬ ಮಾರ್ಷಲ್ ಇದ್ದಾನೆ, ಪೊಲೀಸ್ ಪಡೆ ಇಲ್ಲ. ಕೋರ್ಟಿನ ಹತ್ತಿರ ಕಾಗದ ಇದೆ, ಬಂದೂಕು ಇಲ್ಲ. ವಾರಂಟ್ ಹೋಗಿದ್ದು ಮಾರ್ಷಲ್ ಜೊತೆಗೆ ಲಖನೌದ ಕಮಿಷನರ್‌ಗೂ. ಆ ಕಮಿಷನರ್ ಜಾಗದಲ್ಲಿ ನಿಂತು ನೋಡಿ. ಒಂದು ಕೈಯಲ್ಲಿ ನ್ಯಾಯಾಧೀಶರನ್ನು ಹಿಡಿದು ತಾ ಎನ್ನುವ ಸದನದ ಕಾಗದ. ಇನ್ನೊಂದು ಕೈಯಲ್ಲಿ ಮುಟ್ಟಬೇಡ ಎನ್ನುವ ಹೈಕೋರ್ಟ್ ಕಾಗದ. ಯಾವುದನ್ನು ಪಾಲಿಸಿದರೂ ಇನ್ನೊಂದರ ನಿಂದನೆ. ಕೋರ್ಟ್ ಆದೇಶ ಪಾಲಿಸಿದವನನ್ನು ಸದನ ಕರೆಸುತ್ತದೆ, ಸದನದ ಆದೇಶ ಪಾಲಿಸಿದವನನ್ನು ಕೋರ್ಟು ಕರೆಸುತ್ತದೆ. ಅಧಿಕಾರ ವಿಭಜನೆ ಮುರಿದರೆ ಅದು ಮೊದಲು ತಟ್ಟುವುದು ಇಂಥ ಒಬ್ಬ ಅಧಿಕಾರಿಗೆ.

ರಾಜ್ಯದಲ್ಲಿ ಆಗ ಸುಚೇತಾ ಕೃಪಲಾನಿ ಮುಖ್ಯಮಂತ್ರಿ, ದೇಶದ ಮೊದಲ ಮಹಿಳಾ ಮುಖ್ಯಮಂತ್ರಿ. ದಿಲ್ಲಿಯಲ್ಲಿ ನೆಹರೂ ಸರ್ಕಾರ. ಸದನದಲ್ಲಿ ಬಹುಮತ ಯಾರದೋ ಸರ್ಕಾರವೂ ಅವರದೇ. ಆದ್ದರಿಂದ ‘ಸದನ ಸ್ವತಂತ್ರ ಸಂಸ್ಥೆ, ನಮಗೇನು ಸಂಬಂಧ’ ಎಂದು ಸರ್ಕಾರ ಕೈ ಕೊಡವಲೂ ಆಗುತ್ತಿರಲಿಲ್ಲ.

ಮಾರ್ಚ್ 25ಕ್ಕೆ ಸದನ ಅರ್ಧ ಹೆಜ್ಜೆ ಹಿಂದೆ ಇಟ್ಟಿತು. ಹಿಂದಿನ ನಿರ್ಣಯವನ್ನು ತಪ್ಪಾಗಿ ತಿಳಿದಿದ್ದೀರಿ, ವಿವರಣೆ ಕೇಳದೆ ತೀರ್ಮಾನ ಮಾಡುವ ಉದ್ದೇಶ ನಮಗಿರಲಿಲ್ಲ ಎಂದು ಹೊಸ ನಿರ್ಣಯ ಮಾಡಿತು. ವಾರಂಟ್ ವಾಪಸ್. ಆದರೆ ನ್ಯಾಯಾಧೀಶರು ಬಂದು ವಿವರಣೆ ಕೊಡಬೇಕು, ಏಪ್ರಿಲ್ 6ಕ್ಕೆ. ಮುಖ ಉಳಿಸಿಕೊಂಡು ಹಿಂದೆ ಸರಿಯುವ ಕಲೆ ಇದು. ನಗು ಬರುತ್ತದೆ, ಆದರೂ ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ದೊಡ್ಡ ತಿರುವು ಇದೇ. ಕಸ್ಟಡಿ ಎಂಬ ಪದ ಬಿದ್ದುಹೋದ ಕ್ಷಣ ಬಿಕ್ಕಟ್ಟು ಬರೀ ವಾದವಾಯಿತು. ವಾದಕ್ಕೆ ಕಾಯುವ ತಾಳ್ಮೆ ಇರುತ್ತದೆ, ಪೊಲೀಸ್ ಜೀಪಿಗೆ ಇರುವುದಿಲ್ಲ.

ಮಾರನೇ ದಿನವೇ, ಮಾರ್ಚ್ 26ರಂದು, ರಾಷ್ಟ್ರಪತಿ ರಾಧಾಕೃಷ್ಣನ್ 143ನೇ ವಿಧಿಯಡಿ ಐದು ಪ್ರಶ್ನೆ ಬರೆದು ಸುಪ್ರೀಂ ಕೋರ್ಟ್‌ನ ಅಭಿಪ್ರಾಯ ಕೇಳಿದರು.

ಮೂಕ ವಾರಂಟ್

ಏಳು ನ್ಯಾಯಾಧೀಶರ ಪೀಠ, ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ನೇತೃತ್ವ. ಸದನದ ಪರ ವಕೀಲ ಎಚ್.ಎಂ. ಸೀರ್ವಾಯಿ, ಹೈಕೋರ್ಟ್ ನ್ಯಾಯಾಧೀಶರ ಪರ ವಕೀಲ ಎಂ.ಸಿ. ಸೆಟಲ್ವಾಡ್. ಅಂದಿನ ಕಾಲಕ್ಕೆ ಇದಕ್ಕಿಂತ ದೊಡ್ಡ ಜೋಡಿ ಸಿಗುವುದು ಕಷ್ಟ. ಸೀರ್ವಾಯಿ ಶುರುವಿನಲ್ಲೇ ಒಂದು ಮಾತು ಸ್ಪಷ್ಟ ಮಾಡಿದರು. ನಾನು ಇಲ್ಲಿ ಬಂದು ವಾದಿಸುತ್ತಿದ್ದೇನೆ ಎಂದ ಮಾತ್ರಕ್ಕೆ ಸದನ ಈ ಕೋರ್ಟಿನ ಅಧಿಕಾರಕ್ಕೆ ಒಪ್ಪಿತು ಎಂದುಕೊಳ್ಳಬೇಡಿ. ಮನೆಯೊಳಗೆ ಬಂದು, ನಾನು ಬಂದಿಲ್ಲ ಎಂದು ಹೇಳಿ ಕೂತ ಹಾಗೆ. ಆದರೆ ಸದನದ ನಿಲುವಿಗೆ ಅದೊಂದೇ ದಾರಿ. ನಮ್ಮ ಹಕ್ಕಿಗೆ ನಾವೇ ತೀರ್ಪುಗಾರರು ಎನ್ನುವವರು ಇನ್ನೊಬ್ಬರ ಮುಂದೆ ನ್ಯಾಯ ಕೇಳಲು ಬರುವುದು ಹೇಗೆ?

ಸದನದ ವಾದದ ಬೆನ್ನೆಲುಬು ಇಂಗ್ಲೆಂಡಿನ 1840ರ ಒಂದು ಕೇಸು. ಹೌಸ್ ಆಫ್ ಕಾಮನ್ಸ್‌ನ ವರದಿಯೊಂದು ತನ್ನ ಮಾನ ಕಳೆಯಿತು ಎಂದು ಸ್ಟಾಕ್‌ಡೇಲ್ ಎಂಬ ಪ್ರಕಾಶಕ, ಅದನ್ನು ಮುದ್ರಿಸಿದ ಹ್ಯಾನ್ಸರ್ಡ್ ಮೇಲೆ ದಾವೆ ಹಾಕಿ ಗೆದ್ದ. ಕೋರ್ಟಿನ ಆದೇಶದಂತೆ ದುಡ್ಡು ವಸೂಲಿಗೆ ಹೋದ ಮಿಡ್ಲ್‌ಸೆಕ್ಸ್‌ನ ಶೆರಿಫ್‌ಗಳನ್ನು ಸಭೆ ಜೈಲಿಗೆ ಹಾಕಿತು. ಶೆರಿಫ್‌ಗಳು ಬಿಡಿಸಿ ಎಂದು ಅದೇ ಕೋರ್ಟಿಗೆ ಬಂದರು. ಸಭೆಯ ವಾರಂಟ್‌ನಲ್ಲಿ ‘ನಿಂದನೆಗಾಗಿ’ ಎಂದಷ್ಟೇ ಇತ್ತು. ಅದರ ಹಿಂದೆ ಇಣುಕಲು ನಮಗೆ ಅಧಿಕಾರವಿಲ್ಲ ಎಂದು ಕೋರ್ಟು ಕೈ ಚೆಲ್ಲಿತು. ತಮ್ಮದೇ ಆದೇಶ ಪಾಲಿಸಿ ಜೈಲು ಸೇರಿದವರನ್ನು ಬಿಡಿಸಲು ಆ ನ್ಯಾಯಾಧೀಶರಿಗೆ ಆಗಲಿಲ್ಲ. ನಮ್ಮ ಲಖನೌ ಕಮಿಷನರ್ ಗತಿ ಏನಾಗಬಹುದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಕಾಮನ್ಸ್ ಸಭೆಯ ಹಕ್ಕೆಲ್ಲ ನಮ್ಮ ಸದನಕ್ಕೂ ಬಂದಿದ್ದರೆ, ಈ ಹಕ್ಕೂ ಬಂದಿದೆ ಅಲ್ವಾ? ಸೀರ್ವಾಯಿ ವಾದ ಇಷ್ಟೇ. ಸಂವಿಧಾನದ ಅಕ್ಷರ ಓದಿದರೆ ತೆಗೆದುಹಾಕುವಂಥ ವಾದವಲ್ಲ.

1964ರ ಸೆಪ್ಟೆಂಬರ್ 30ರಂದು ಅಭಿಪ್ರಾಯ ಹೊರಬಿತ್ತು, ಆರು-ಒಂದು. ಬಹುಮತದ ಉತ್ತರದ ತಿರುಳು ನನಗೆ ಅರ್ಥವಾದಂತೆ ಹೀಗಿದೆ. ಇಂಗ್ಲೆಂಡಿನ ಪಾರ್ಲಿಮೆಂಟ್ ಚರಿತ್ರೆಯಲ್ಲಿ ಒಂದು ಕೋರ್ಟೂ ಆಗಿತ್ತು. ಅಲ್ಲಿನ ಜಡ್ಜ್‌ಗಳು ಅದರ ವಾರಂಟನ್ನು ಇನ್ನೊಂದು ಮೇಲಿನ ಕೋರ್ಟಿನ ಆದೇಶದಂತೆ ನೋಡಿ ಗೌರವ ಕೊಟ್ಟರು. ನಮ್ಮ ವಿಧಾನಸಭೆಗಳು ಯಾವತ್ತೂ ಕೋರ್ಟ್ ಆಗಿರಲಿಲ್ಲ. ಅವು ಹುಟ್ಟಿದ್ದೇ ಒಂದು ಬರೆದ ಸಂವಿಧಾನದ ಕೆಳಗೆ. ಅದೇ ಸಂವಿಧಾನ 226ನೇ ವಿಧಿಯಲ್ಲಿ, ಯಾರನ್ನಾದರೂ ಅಕ್ರಮವಾಗಿ ಹಿಡಿದಿಟ್ಟಿದ್ದಾರೆಯೇ ಎಂದು ಕೇಳುವ ಅಧಿಕಾರವನ್ನು ಹೈಕೋರ್ಟ್‌ಗೆ ಕೊಟ್ಟಿದೆ. ಅದರಲ್ಲಿ ‘ಸದನ ಹಿಡಿದಿದ್ದರೆ ಕೇಳಬೇಡಿ’ ಎಂದು ಬರೆದಿಲ್ಲ. ಆದ್ದರಿಂದ ಸದಸ್ಯನಲ್ಲದ ಹೊರಗಿನವನೊಬ್ಬನನ್ನು, ಆತ ಸದನದ ಹೊರಗೆ ಮಾಡಿದ ತಪ್ಪಿಗಾಗಿ, ಸದನ ಜೈಲಿಗೆ ಹಾಕಿದಾಗ, ವಾರಂಟ್ ಮೂಕವಾಗಿದೆ ಎಂದು ಕೋರ್ಟೂ ಮೂಕವಾಗಬೇಕಿಲ್ಲ. ಇಬ್ಬರು ನ್ಯಾಯಾಧೀಶರಾಗಲಿ ವಕೀಲರಾಗಲಿ ನಿಂದನೆ ಮಾಡಿಲ್ಲ. ಅವರನ್ನು ಕರೆತನ್ನಿ ಎನ್ನಲು ಸದನಕ್ಕೆ ಅಧಿಕಾರವಿಲ್ಲ. ಸದಸ್ಯರು ಸದನದೊಳಗೆ ಮಾಡಿದ್ದರ ಗೊಡವೆಗೆ ಪೀಠ ಹೋಗಲಿಲ್ಲ, ಅದು ಈ ಪ್ರಶ್ನೆಯಲ್ಲ ಎಂದು ಬದಿಗಿಟ್ಟಿತು. ಒಪ್ಪದೇ ಇದ್ದವರು ನ್ಯಾಯಮೂರ್ತಿ ಸರ್ಕಾರ್ ಒಬ್ಬರೇ. ಸಂವಿಧಾನ ಕಾಮನ್ಸ್ ಸಭೆಯ ಹಕ್ಕು ಎಂದಿದ್ದರೆ ಅದರ ಮೂಕ ವಾರಂಟೂ ಸೇರಿತು ಎನ್ನುವುದು ಅವರ ನಿಲುವು.

ಇಲ್ಲಿ ಬಹುಮತ ಸರಿ ಎಂದೇ ನನ್ನ ಅನಿಸಿಕೆ, ಆದರೆ ಕಾರಣ ಸ್ವಲ್ಪ ಬೇರೆ. ಕೋರ್ಟು ತಪ್ಪು ಮಾಡಿದರೆ ಮೇಲೆ ಇನ್ನೊಂದು ಕೋರ್ಟು ಇದೆ, ತೀರ್ಪಿಗೆ ಕಾರಣ ಬರೆದಿರಲೇಬೇಕು. ಸದನ ತಪ್ಪು ಮಾಡಿದರೆ ಕಾರಣವೂ ಇಲ್ಲ, ಮೇಲೆ ಯಾರೂ ಇಲ್ಲ. ಮುಂದಿನ ಚುನಾವಣೆ ಇದೆ ಎನ್ನಬಹುದು. ಏಳು ದಿನ ಒಳಗಿರುವವನಿಗೆ ಐದು ವರ್ಷಕ್ಕೊಮ್ಮೆ ಬರುವ ಚುನಾವಣೆ ಯಾವ ಪರಿಹಾರ?

ಬರೆದುಕೊಳ್ಳದ ಹಕ್ಕು

ಈ ಅಭಿಪ್ರಾಯ ಸಭಾಧ್ಯಕ್ಷರುಗಳಿಗೆ ಹಿಡಿಸಲಿಲ್ಲ. ಸಂವಿಧಾನ ತಿದ್ದಬೇಕೆಂಬ ಕೂಗೆದ್ದಿತು, ತಿದ್ದುಪಡಿ ಬರಲಿಲ್ಲ. ಆದರೆ ನನಗೆ ಕುತೂಹಲ ಬೇರೆ. ತನ್ನ ಹಕ್ಕೇನು ಎಂದು ಕಾನೂನು ಮಾಡಿ ಬರೆದುಕೊಳ್ಳಿ ಎಂದು ಸಂವಿಧಾನ 1950ರಲ್ಲೇ ಹೇಳಿತ್ತಲ್ಲ, ಯಾಕೆ ಬರೆದುಕೊಳ್ಳಲಿಲ್ಲ? ದಿನಾ ಕಾನೂನು ಬರೆಯುವುದೇ ಕೆಲಸವಾದ ಸಭೆಗೆ ಇದೊಂದು ಮಾತ್ರ ಕಷ್ಟವಾ?

ಕಾರಣ ತುಂಬಾ ಸರಳ. ಬರೆದರೆ ಅದು ಕಾನೂನಾಗುತ್ತದೆ. ಕಾನೂನಾದರೆ 13ನೇ ವಿಧಿಯ ತಕ್ಕಡಿಗೆ ಬರುತ್ತದೆ, ಮೂಲಭೂತ ಹಕ್ಕಿಗೆ ಅಡ್ಡ ಬಂದಷ್ಟು ಭಾಗ ಬಿದ್ದುಹೋಗುತ್ತದೆ. ಬರೆಯದೆ ಬಿಟ್ಟರೆ ಮಸುಕು ಮಸುಕಾಗಿ, ದೊಡ್ಡದಾಗಿ ಉಳಿಯುತ್ತದೆ. 1978ರ 44ನೇ ತಿದ್ದುಪಡಿ ಹೌಸ್ ಆಫ್ ಕಾಮನ್ಸ್ ಹೆಸರನ್ನು ವಿಧಿಯಿಂದ ತೆಗೆಯಿತು. ಆದರೆ ತಿದ್ದುಪಡಿಗೆ ಮುಂಚೆ ಇದ್ದ ಹಕ್ಕುಗಳೇ ಮುಂದುವರಿಯಲಿ ಎಂದಿತು. ಬೋರ್ಡು ಬದಲು, ಅಂಗಡಿ ಅದೇ. ಮೂಲ ಅಂಗಡಿಯವರು, ಅಂದರೆ ಹೌಸ್ ಆಫ್ ಕಾಮನ್ಸ್, 1880ರ ನಂತರ ಯಾರನ್ನೂ ಜೈಲಿಗೆ ಹಾಕಿಲ್ಲ. ಆಸ್ಟ್ರೇಲಿಯಾ 1987ರಲ್ಲಿ ಕಾನೂನು ಮಾಡಿ ಬರೆದುಕೊಂಡಿತು. ಅಲ್ಲಿ ಜೈಲು ಆರು ತಿಂಗಳು ಮೀರುವಂತಿಲ್ಲ, ವಾರಂಟ್‌ನಲ್ಲಿ ತಪ್ಪಿನ ವಿವರ ಬರೆದಿರಲೇಬೇಕು. ಮೂಕ ವಾರಂಟ್‌ಗೆ ಬಾಯಿ ಬರಿಸಿದ್ದು ಕೋರ್ಟಲ್ಲ, ಶಾಸಕಾಂಗವೇ.

ನಮ್ಮಲ್ಲಿ? 1987ರಲ್ಲಿ ತಮಿಳುನಾಡು ವಿಧಾನಸಭೆ ಒಂದು ವ್ಯಂಗ್ಯಚಿತ್ರಕ್ಕೆ ವಾರಪತ್ರಿಕೆಯ ಸಂಪಾದಕರಿಗೆ ಮೂರು ತಿಂಗಳು ಜೈಲು ಕೊಟ್ಟಿತು. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, ತಲಾ 10,000 ರೂಪಾಯಿ ದಂಡ ಎಂದಿತು. ಏಳು ದಿನದಿಂದ ಒಂದು ವರ್ಷಕ್ಕೆ ಬೆಳೆದಿದೆ. ದೂರುದಾರರೇ ತೀರ್ಪು ಕೊಡುವ ಪದ್ಧತಿ ಹಾಗೇ ಇದೆ.

ಮತ್ತೆ ಕೇಶವ್ ಸಿಂಗ್

ಇಷ್ಟೆಲ್ಲ ಗದ್ದಲದಲ್ಲಿ ಒಂದು ಅರ್ಜಿ ಹಾಗೇ ಬಾಕಿ ಇತ್ತು. ರಾಷ್ಟ್ರಪತಿಗೆ ಸುಪ್ರೀಂ ಕೋರ್ಟ್ ಕೊಟ್ಟದ್ದು ಸಲಹೆ. ಕೇಶವ್ ಸಿಂಗ್ ಜೈಲು ಸರಿಯೋ ತಪ್ಪೋ ಎಂದು ಅದರಲ್ಲಿ ಹೇಳಿರಲಿಲ್ಲ. ಅದನ್ನು ಹೇಳಬೇಕಾದದ್ದು ಅಲಹಾಬಾದ್ ಹೈಕೋರ್ಟ್.

1965ರ ಮಾರ್ಚ್ 10ಕ್ಕೆ ತೀರ್ಪು ಬಂತು. ಸದನಕ್ಕೆ ತನ್ನ ನಿಂದನೆಗೆ ಶಿಕ್ಷೆ ಕೊಡುವ ಅಧಿಕಾರ ಇದೆ. ಈ ಜೈಲು ಕಾನೂನು ಪ್ರಕಾರವೇ ಇದೆ. ಅದರ ತೀರ್ಮಾನದ ಮೇಲೆ ನಾವು ಮೇಲ್ಮನವಿ ಕೋರ್ಟಿನಂತೆ ಕೂರುವುದಿಲ್ಲ. ಅರ್ಜಿ ವಜಾ.

ಕೇಳುವ ಅಧಿಕಾರಕ್ಕಾಗಿ 28 ಜನ ಒಟ್ಟಿಗೆ ಕೂತಿದ್ದ ಕೋರ್ಟು, ಕೊನೆಗೆ ಕೇಳಿ ನೋಡಿ, ಸದನ ಮಾಡಿದ್ದು ಸರಿ ಎಂದಿತು. ಸಾಲೊಮನ್ ಅರ್ಜಿ ಹಾಕಿ ಆಗಲೇ ಒಂದು ವರ್ಷವಾಗುತ್ತ ಬಂದಿತ್ತು. ಮಾರ್ಚ್ 14ರಿಂದ 19ರವರೆಗೆ ಒಳಗಿದ್ದ ಕೇಶವ್ ಸಿಂಗ್ ಲೆಕ್ಕದಲ್ಲಿ ಏಳು ದಿನ ಇನ್ನೂ ಪೂರ್ತಿ ಆಗಿರಲಿಲ್ಲ.